ಚೌಡತ್ತೆಯ ಬಾಯಿ

ಏಳು ವರ್ಷ ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ನಾನೇ ಚೌಡತ್ತೆ. ತೀರ್ಥಹಳ್ಳಿ ಸಂತೆಯಲ್ಲಿ ಸೌತೆಕಾಯಿ ಆರಿಸಲು ನಿಂತರೂ ಜನ ಬಿಡುತ್ತಿರಲಿಲ್ಲ. 'ಒಂದ್ಸಲ ಬೈರಿ ಅತ್ತೆ' ಎಂದು ಸೆಲ್ಫಿಗೆ ಮುತ್ತುತ್ತಿದ್ದರು. ನಾಯಕಿಯರು ಬದಲಾದರು, ನನ್ನ ಗಂಡನ ಪಾತ್ರದವನೂ ಬದಲಾದ, ಚೌಡತ್ತೆ ಮಾತ್ರ ಬದಲಾಗಲಿಲ್ಲ. ಅವಳ ಬಾಯಿ ನಮ್ಮಮ್ಮ ರಂಗಮ್ಮನದು. ಹೊಸನಗರದ ಮನೆಯಲ್ಲಿ ಅಮ್ಮ ಹೇಗೆ ಬೈಯುತ್ತಿದ್ದಳೋ ಹಾಗೇ ಕ್ಯಾಮೆರಾ ಮುಂದೆ ಬೈದೆ, ಅಷ್ಟೇ.

ಕಿರುಚಿ ಕಿರುಚಿ ಗಂಟಲಲ್ಲಿ ಗಂಟಾಯಿತು. ಆಪರೇಷನ್ ಮಾಡಿದ ಡಾಕ್ಟರು ಒಂದು ತಿಂಗಳು ಮಾತಾಡಲೇಬೇಡಿ ಎಂದರು. 'ಆರಾಮಾಗಿ ಬನ್ನಿ ಮೇಡಂ, ಅಲ್ಲೀವರ್ಗೆ ಯಾವುದಾದ್ರೂ ಹುಡುಗೀನ ಹಾಕ್ಕೊಂಡು ತಳ್ತೀವಿ' ಎಂದ ನಿರ್ದೇಶಕ. ಆ ಹುಡುಗಿಯ ಮೊದಲ ಕಂತು ನೋಡಿ ಸದ್ದಿಲ್ಲದೆ ನಕ್ಕೆ. ಪಾಪ, ಬೆಂಗಳೂರಿನವಳು, ನಮ್ಮ ಕಡೆಯ ಮಾತು ಅವಳ ಬಾಯಲ್ಲಿ ಬಿಸಿ ಗೆಣಸಿನಂತೆ ಹೊರಳಾಡುತ್ತಿತ್ತು. ನನ್ನ ಜಾಗ ಎಲ್ಲಿ ಹೋಗುತ್ತದೆ ಎಂದು ಸಾಗರದಲ್ಲಿ ತಂಗಿ ತನುಜಾಳ ಮನೆಯಲ್ಲಿ ಗಂಜಿ ಕುಡಿದುಕೊಂಡು ಕೂತೆ. ಅಮ್ಮನೂ ಅಲ್ಲೇ ಇದ್ದಳು.

ಮೂರನೇ ವಾರ ಆ ಹುಡುಗಿ ಟಿವಿಯಲ್ಲಿ ಸೊಂಟಕ್ಕೆ ಕೈಯಿಟ್ಟು ಮಗನಿಗೆ ಅಂದಳು: 'ಎಂತದಾ ಅದು, ನಗರ ಬಸ್ಸಿನಂಗೆ ಮುಲುಗ್ತೀಯ?'

ಅದು ಅಮ್ಮನ ಮಾತು. ನಗರದ ಏರಿನಲ್ಲಿ ಮುಲುಗುತ್ತಾ ಹತ್ತುತ್ತಿದ್ದ ಹಳೇ ಬಸ್ಸನ್ನು ನೋಡಿ ಅವಳೇ ಕಟ್ಟಿದ್ದು. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ನಗರ ಎಂದರೆ ಸಿಟಿ. ಹೊಸನಗರದ ಹತ್ತಿರ ಆ ಹೆಸರಿನ ಊರೇ ಇದೆ ಎಂದು ಅವರಿಗೇನು ಗೊತ್ತು? ಒಳ್ಳೆಯ ದೃಶ್ಯ ಸಿಗಲಿ ಎಂದು ನಾನೂ ಅದನ್ನು ಬಳಸದೆ ಇಟ್ಟುಕೊಂಡಿದ್ದೆ. ತನುಜಾಳ ಕಡೆ ತಿರುಗಿದೆ. ಅವಳು ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದಳು.

'ಅಕ್ಕ, ಸಿಟ್ಟು ಮಾಡ್ಕಬೇಡ' ಎಂದಳು. 'ಡೈರೆಕ್ಟ್ರೇ ಫೋನ್ ಮಾಡಿದ್ರು. ದಿನಾ ಫೋನಲ್ಲೇ ಆ ಹುಡುಗೀಗೆ ನಾನೇ ಹೇಳ್ಕೊಟ್ಟೆ. ನಮ್ ಲಿಖಿತಂಗೂ ಒಂದು ಪಾರ್ಟು ಕೊಡ್ತಾರಂತೆ. ನಿಂದೇನು, ಹೆಸರು ಮಾಡಿ ಆಯ್ತಲ್ಲ... ಇನ್ಮೇಲೆ ಅವ್ಳೇ ಚೌಡತ್ತೆ ಅಂತೆ.'

ಲಿಖಿತಾ ಅವಳ ಮಗಳು. ನಾನೇ ಎತ್ತಿ ಆಡಿಸಿದ ಮಗು.

ಡಾಕ್ಟರ ಮಾತು ಹಾಳಾಗಿ ಹೋಗಲಿ ಎಂದು ಎದ್ದು ನಿಂತೆ. 'ಥೂ ನಿನ್ ಜನ್ಮಕ್ಕಿಷ್ಟು! ಒಂದೇ ತಟ್ಟೇಲಿ ಉಂಡೋಳು ಕಣೇ ನೀನು! ನಾನಿಲ್ಲಿ ಬಾಯಿ ಮುಚ್ಕಂಡು ಕೂತಿದ್ರೆ, ಪಕ್ಕದ್ ರೂಮಲ್ಲಿ ನನ್ನ ಬಾಯೇ ಕಿತ್ತು ಇನ್ನೊಬ್ಳಿಗೆ ಕೊಟ್ಯಲ್ಲೇ!' ಗಂಟಲು ಉರಿಯಿತು, ಸ್ವರ ಒಡೆಯಿತು, ಕಣ್ಣೀರು ಧಾರೆಯಾಗಿ ಇಳಿಯಿತು. ಆದರೂ ನಿಲ್ಲಿಸಲಾಗಲಿಲ್ಲ.

ಸದ್ದು ಕೇಳಿ ಅಮ್ಮ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದಳು. ಚೌಡತ್ತೆ ಅತ್ತುಕೊಂಡು ಬೈಯುವುದು ಧಾರಾವಾಹಿಯಲ್ಲಿ ದಿನಾ ಇದ್ದದ್ದೇ. ಅಮ್ಮ ನನ್ನನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

'ಅಯ್ಯಯ್ಯ, ನೋಡೇ ತನುಜಾ! ಥೇಟ್ ಆ ಹೊಸ ಹುಡುಗಿ ಮಾಡ್ದಂಗೇ ಮಾಡ್ತಾಳಲ್ಲೇ ಇವ್ಳು!'