ಒಂದು ಎಂದು ಬರೆಯಬೇಕಿದ್ದ ಜಾಗ

ವಲಸೆ ಕಚೇರಿಯ ಕಾಗದ ಬಂದಾಗ ಲಿಫ್ಟ್ ಮೇಸ್ತ್ರಿ ಅದನ್ನು ಎರಡು ಸಲ ಓದಿದ, ಮಡಚಿ ಫ್ರಿಜ್ಜಿನ ಮೇಲಿಟ್ಟ, ಕೈ ತೊಳೆಯಲು ಹೋದ. ಅಷ್ಟೇ. ಮುಂದಿನ ತಿಂಗಳು ಒಂಬತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಗಂಡ ಹೆಂಡತಿ ಇಬ್ಬರೂ ಮೂಲ ದಾಖಲೆಗಳ ಜೊತೆ ಸಂದರ್ಶನಕ್ಕೆ ಬರಬೇಕು ಎಂದು ಅದರಲ್ಲಿತ್ತು. ಮೇಸ್ತ್ರಿಗೆ ಈ ದೇಶದಲ್ಲಿ ಖಾಯಂ ಆಗಿ ಇರುವ ಹಕ್ಕು ಸಿಕ್ಕಿ ಆರು ವರ್ಷವಾಗಿತ್ತು. ಹೆಂಡತಿ ಅವನನ್ನು ಮದುವೆಯಾಗಿ ಬಂದವಳು. ಅವಳಿಗೂ ಆ ಹಕ್ಕು ಕೊಡಿ ಎಂದು ಅರ್ಜಿ ಹಾಕಿದ್ದರು. ಅವಳು ಇಲ್ಲಿ ಉಳಿಯುತ್ತಾಳೋ ಗಂಟುಮೂಟೆ ಕಟ್ಟುತ್ತಾಳೋ ಎಂಬುದು ಆ ಒಂದು ಬೆಳಿಗ್ಗೆಯ ಮೇಲೆ ನಿಂತಿತ್ತು. ಇಷ್ಟು ದೊಡ್ಡ ವಿಷಯಕ್ಕೆ ನಮ್ಮವರು ಎಷ್ಟು ತಯಾರಿ ಮಾಡುತ್ತಾರೆ ಹೇಳಿ? ಒಂದು ಜೊತೆ ಚಪ್ಪಲಿ ಕೊಳ್ಳುವಾಗ ಮಾಡುವಷ್ಟೂ ಮಾಡುವುದಿಲ್ಲ.

ಭಾನುವಾರ ಫಾರಂ ಅಕ್ಕ ಬಂದಳು. ಬೀದಿಯ ಕೊನೆಯಲ್ಲಿರುವ ಸಹಾಯ ಕೇಂದ್ರದಲ್ಲಿ ಕೂತು ಕಂಡವರ ಅರ್ಜಿಯನ್ನೆಲ್ಲ ತುಂಬಿಕೊಟ್ಟು ಅವಳಿಗೆ ಆ ಹೆಸರು ಬಂದಿತ್ತು. ಮೂರು ಮಹಡಿ ಹತ್ತಿ ಬಂದವಳು ಬಾಗಿಲಲ್ಲೇ ಏದುಸಿರು ಬಿಟ್ಟಳು.

"ಏನ್ ಮೇಸ್ತ್ರಿ, ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತೀಯ, ನಿನ್ನ ಕಟ್ಟಡದ್ದು ವರ್ಷದಿಂದ ನಿಂತಿದೆಯಲ್ಲಪ್ಪ!"

"ಅದು ಬೇರೆ ಕಂಪನೀದು ಅಕ್ಕಾ. ನಾನು ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ."

ಹೆಂಡತಿ ನೀರು ತಂದುಕೊಟ್ಟಳು. ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆಗೆ ಇಸ್ತ್ರಿ ಹಾಕುವವಳು. ಮೊಣಕೈಯ ಕೆಳಗೆ ಸುಟ್ಟ ಗೆರೆಗಳಿದ್ದವು.

"ಅರ್ಜೀ ನಕಲು ತೆಗಿ," ಎಂದಳು ಫಾರಂ ಅಕ್ಕ. "ಮೂವರೂ ಕೂತು ಒಂದೊಂದೇ ಸಾಲು ಓದೋಣ. ತಪ್ಪಿದ್ರೆ ಈಗಲೇ ತಿದ್ದಿ ಕಳಿಸಬಹುದು. ಅಲ್ಲಿ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕರೆದು ಕೇಳಬಹುದು."

ಮೇಸ್ತ್ರಿ ನಕ್ಕ. "ಅಕ್ಕಾ, ನಾವೇನು ನಾಟಕದ ಗಂಡ ಹೆಂಡ್ತೀನಾ? ಬಾಯಿಪಾಠ ಮಾಡೋದೆಲ್ಲ ಸುಳ್ಳು ಮದುವೆ ಆದವರಿಗೆ."

"ಬಾಯಿಪಾಠ ಮಾಡು ಅಂದ್ನಾ ನಾನು? ಬಾಯಿಪಾಠ ಮಾಡಿದ್ರೇ ಕೆಡೋದು. ಏನು ಬರೆದಿದ್ದೀರಿ ಅಂತ ಇಬ್ಬರಿಗೂ ಗೊತ್ತಿರಲಿ ಅಂದೆ. ನೀನು ಲಿಫ್ಟ್ ರಿಪೇರಿ ಮಾಡಿ, ಖಾಲಿ ಓಡಿಸಿ ನೋಡದೆ ಜನರನ್ನ ಹತ್ತಿಸ್ತೀಯಾ?"

"ಲಿಫ್ಟ್ ಬೇರೆ, ಸಂಸಾರ ಬೇರೆ."

"ಏನು ಬರೆದಿದ್ದೀರಿ ರೀ? ನಾನೂ ನೋಡ್ಲಿಲ್ಲ," ಎಂದಳು ಹೆಂಡತಿ. "ಸೈನ್ ಮಾಡು ಅಂದ್ರಿ, ಮಾಡಿದೆ."

"ಎಲ್ಲಾ ಸರಿಯಾಗಿದೆ ಕಣೆ. ನಕಲು ಕಂಪನೀಲಿದೆ."

ನಕಲು ಕಂಪನಿಯಲ್ಲಿರಲಿಲ್ಲ. ಅವನು ಕೂತಿದ್ದ ಕುರ್ಚಿಯ ಹಿಂದಿನ ಬೀರುವಿನಲ್ಲೇ ಇತ್ತು. ಯಾಕೆ ಮುಚ್ಚಿಟ್ಟ ಎನ್ನುವುದನ್ನು ಹೇಳಿಬಿಡುತ್ತೇನೆ. ಅದರ ಏಳನೇ ಪುಟದಲ್ಲಿ ಒಂದು ಪ್ರಶ್ನೆಯಿತ್ತು: ಇದುವರೆಗೆ ಹುಟ್ಟಿದ ಮಕ್ಕಳು ಎಷ್ಟು, ತೀರಿಹೋದವರನ್ನೂ ಸೇರಿಸಿ. ಆವತ್ತು ಅವನು ಯಾವುದೋ ಆಫೀಸಿನ ತಾರಸಿಯ ಮೋಟಾರ್ ಕೋಣೆಯಲ್ಲಿ, ಊಟದ ಬಿಡುವಿನಲ್ಲಿ, ಒಬ್ಬನೇ ಕೂತು ಅರ್ಜಿ ತುಂಬುತ್ತಿದ್ದ. ಆ ಸಾಲಿಗೆ ಬಂದಾಗ ಪೆನ್ನು ನಿಂತಿತು. ಎರಡು ವರ್ಷದ ಹಿಂದೆ ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು, ಒಂಬತ್ತು ಗಂಟೆ ಬದುಕಿತ್ತು. ಹೊಟ್ಟೆಯಲ್ಲಿದ್ದಾಗ ಮೇಸ್ತ್ರಿ ದಿನಾ ಕೆಲಸದಿಂದ ಬಂದು, "ಏನಮ್ಮಾ ಗುಂಡಮ್ಮ, ಎದ್ದಿದ್ದೀಯಾ?" ಎಂದು ಹೆಂಡತಿಯ ಹೊಟ್ಟೆಯನ್ನು ಮಾತಾಡಿಸುತ್ತಿದ್ದ. ಮಣ್ಣು ಮಾಡಿ ಬಂದ ಮೇಲೆ ಆ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. ಇವನು ಎತ್ತಿದರೆ ಅವಳು ಅಳುತ್ತಾಳೆ ಎಂದು ಇವನು, ಅವಳು ಎತ್ತಿದರೆ ಇವನು ಕುಸಿಯುತ್ತಾನೆ ಎಂದು ಅವಳು. ಆಸ್ಪತ್ರೆಯ ಕಾಗದಗಳು ಬೀರುವಿನ ಮೇಲೆ, ಸೂಟ್‌ಕೇಸಿನ ಕೆಳಗೆ ಸೇರಿಕೊಂಡವು. ಮೋಟಾರ್ ಕೋಣೆಯಲ್ಲಿ ಮೇಸ್ತ್ರಿ ಸ್ವಲ್ಪ ಹೊತ್ತು ಗೋಡೆ ನೋಡಿದ. ಆಮೇಲೆ 'ಇಲ್ಲ' ಎಂದು ಬರೆದು ಮುಂದಿನ ಪುಟ ತಿರುಗಿಸಿದ.

ಫಾರಂ ಅಕ್ಕ ಇನ್ನೂ ಒಂದು ಗಂಟೆ ಬಡಕೊಂಡಳು. ಅವನು ಜಪ್ಪಯ್ಯ ಅನ್ನಲಿಲ್ಲ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದಳು: "ನೀನು ದುಭಾಷಿ ಬೇಕು ಅಂತ ಮೊದಲೇ ಕೇಳು ತಾಯಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಗೊತ್ತಿರೋದನ್ನ ಇದ್ದದ್ದು ಇದ್ದ ಹಾಗೆ ಹೇಳು."

ಆಮೇಲೆ ಅವನ ಕಡೆ ತಿರುಗಿದಳು. "ಮೇಸ್ತ್ರಿ, ನೀನೂ ದುಭಾಷಿ ಕೇಳು."

"ನಂಗ್ಯಾಕೆ ಅಕ್ಕಾ? ಹತ್ತು ವರ್ಷದಿಂದ ಇವರ ಭಾಷೇಲೇ ಕೆಲಸ ಮಾಡ್ತಿಲ್ವಾ?"

ಒಂಬತ್ತನೇ ತಾರೀಕು ಇಬ್ಬರೂ ಹೋದರು. ಸರದಿಯ ಚೀಟಿ ಪಡೆದು ಕಾದರು. ಬೆರಳಚ್ಚಿನ ಯಂತ್ರ ಮೇಸ್ತ್ರಿಯ ಹೆಬ್ಬೆರಳನ್ನು ನಾಲ್ಕು ಸಲವೂ ಬೇಡವೆಂದಿತು. ವರ್ಷಗಟ್ಟಲೆ ತಂತಿ ಹಗ್ಗ ಹಿಡಿದು ಬೆರಳಿನ ಗೆರೆಗಳು ಸವೆದುಹೋಗಿದ್ದವು. "ನಾನು ಹುಟ್ಟೇ ಇಲ್ಲ ಅನ್ನುತ್ತೆ ಕಣೆ ಇದು," ಎಂದ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ಕಚೇರಿಯಲ್ಲಿ ಅವಳು ನಕ್ಕಿದ್ದು ಅದೇ ಕೊನೆ.

ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕರೆದರು. ಮೇಸ್ತ್ರಿಯ ಎದುರು ಕೂತವಳು ಕನ್ನಡಕದ ಅಧಿಕಾರಿ. ಒರಟು ಹೆಂಗಸೇನಲ್ಲ. ನೀರು ಬೇಕೇ ಎಂದು ಕೇಳಿದಳು. ಮನೆಯಲ್ಲಿ ಮೊದಲು ಏಳುವವರು ಯಾರು, ಹೆಂಡತಿ ಕೆಲಸಕ್ಕೆ ಯಾವ ಬಸ್ಸಿನಲ್ಲಿ ಹೋಗುತ್ತಾಳೆ, ಅಡುಗೆಮನೆಯ ಕಿಟಕಿ ಯಾವ ಕಡೆಗಿದೆ. ಮೇಸ್ತ್ರಿ ಪಟಪಟನೆ ಹೇಳಿದ. ಫಾರಂ ಅಕ್ಕ ಸುಮ್ಮನೆ ಹೆದರಿಸಿದಳು ಎಂದುಕೊಂಡ.

"ಮಂಗಳವಾರ ನಿಮ್ಮ ಹೆಂಡತಿಗೆ ರಜೆ. ಆ ದಿನ ಏನು ಮಾಡುತ್ತಾರೆ?"

"ಮಲಗ್ತಾಳೆ. ವಾರವೆಲ್ಲ ನಿಂತು ನಿಂತು ಕಾಲು ಊದಿರುತ್ತೆ."

"ಮಕ್ಕಳು?"

"ಇಲ್ಲ."

ಅವಳು ಬರೆದುಕೊಂಡಳು. ಎದ್ದು ಹೊರಗೆ ಹೋದಳು. ಮೇಸ್ತ್ರಿ ಗಡಿಯಾರ ನೋಡಿದ, ಹದಿನೇಳು ನಿಮಿಷವಾಯಿತು. ಬಂದವಳ ಕೈಯಲ್ಲಿ ಇನ್ನೊಂದು ಹಾಳೆ ಇತ್ತು.

"ನಿಮ್ಮ ಹೆಂಡತಿ ಒಂದು ಮಗು ಹುಟ್ಟಿತ್ತು ಅನ್ನುತ್ತಿದ್ದಾರೆ. ಮಂಗಳವಾರ ಮಂಗಳವಾರ ಅದರ ಗೋರಿಗೆ ಹೋಗುತ್ತಾರಂತೆ. ಎರಡು ಬಸ್ಸು ಬದಲಾಯಿಸಬೇಕಂತೆ. ನಿಮಗೆ ಇದು ಗೊತ್ತಿಲ್ಲವೇ?"

ಮೇಸ್ತ್ರಿ ಆ ಹಾಳೆಯತ್ತ ನೋಡಿದ. ಅವಳು ಹೋಗುತ್ತಿದ್ದಳೇ? ಎರಡು ವರ್ಷದಿಂದ, ವಾರ ವಾರ, ಒಬ್ಬಳೇ? ಏನಾದರೂ ಹೇಳಬೇಕು. ಆದರೆ ಆ ಭಾಷೆಯಲ್ಲಿ ಅವನಿಗೆ ಬರುತ್ತಿದ್ದುದೆಲ್ಲ ಕೆಲಸದ ಮಾತು. ಮೋಟಾರು, ಬ್ರೇಕು, ಬಾಗಿಲು ಸಿಕ್ಕಿಕೊಂಡಿದೆ, ನಾಳೆ ಬರುತ್ತೇನೆ, ಇಂಥವು. ಮಗು ಹೋಯಿತು ಎಂದು ಆ ಭಾಷೆಯಲ್ಲಿ ಅವನು ಯಾರಿಗೂ ಹೇಳಿರಲಿಲ್ಲ. ಹಾಗೆ ನೋಡಿದರೆ ತನ್ನ ಭಾಷೆಯಲ್ಲೂ ಹೇಳಿರಲಿಲ್ಲ. ರಿಪೇರಿ ಆದ ಮೇಲೆ ದಿನಚರಿಯಲ್ಲಿ ಬರೆಯುವ ಮಾತೊಂದು ನಾಲಿಗೆಗೆ ಬಂತು.

"ಅದು ಮುಗಿದ ಕೆಲಸ," ಎಂದ.

ಅಧಿಕಾರಿ ತಲೆ ಎತ್ತಿ ಅವನನ್ನು ನೋಡಿದಳು. ಆಮೇಲೆ ಅದನ್ನೂ ಬರೆದುಕೊಂಡಳು.

ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತರು. ಎರಡು ಬಸ್ಸು ಬಂದು ಹೋದವು.

"ಇಲ್ಲ ಅಂದ್ರಾ?" ಹೆಂಡತಿ ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ಒಂಬತ್ತು ಗಂಟೆ ನನ್ನ ಪಕ್ಕದಲ್ಲಿ ಮಲಗಿದ್ದಳು. ನಿಮ್ಮ ಬೆರಳು ಹಿಡ್ಕೊಂಡಿದ್ದಳು. ಅರ್ಜೀಲೂ ಇಲ್ಲ ಅಂತಿದೆ ಅಂದ್ರು. ಅವಳನ್ನ ಇಲ್ಲ ಅಂತ ಬರೆದ್ರಾ?"

"ಬರೆಯೋಕೆ ಕೈ ಬರಲಿಲ್ಲ ಕಣೆ."

"ಹೇಳಬೇಡ ಅಂತ ನೀವು ಯಾವತ್ತೂ ಅಂದಿರಲಿಲ್ಲ. ನಾನು ಹೇಳಿಬಿಟ್ಟೆ ರೀ. ಎರಡು ವರ್ಷದಲ್ಲಿ ಅವಳ ವಿಷಯ ನನ್ನ ಕೇಳಿದ್ದು ನನ್ನ ಕೋಣೇಲಿದ್ದ ಆ ಅಧಿಕಾರಿ ಒಬ್ಬರೇ."

ಬೈದಿದ್ದರೆ ಚೆನ್ನಾಗಿತ್ತು, ಕಪಾಳಕ್ಕೆ ಬಾರಿಸಿದ್ದರೂ ತಡೆದುಕೊಳ್ಳಬಹುದಿತ್ತು. ಅವಳು ಅಷ್ಟು ಹೇಳಿ ಚೀಲ ಮಡಿಲಲ್ಲಿಟ್ಟುಕೊಂಡು ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ಕೂತಳು.

ಮೂರು ವಾರಕ್ಕೆ ಕಾಗದ ಬಂತು. ಉತ್ತರಗಳು ಹೊಂದುತ್ತಿಲ್ಲ, ಈ ಮದುವೆ ನಿಜವೇ ಎಂಬ ಅನುಮಾನವಿದೆ, ಮೂವತ್ತು ದಿನದಲ್ಲಿ ಬರೆದು ವಿವರಣೆ ಕೊಡಿ, ಒಪ್ಪಿಗೆಯಾಗದಿದ್ದರೆ ಹೆಂಡತಿ ದೇಶ ಬಿಡಬೇಕು. ಅಲ್ಲಿಯವರೆಗೆ ಅವಳು ಕೆಲಸ ಮಾಡುವಂತಿಲ್ಲ. ಲಾಂಡ್ರಿಯವರು ಮರುದಿನವೇ ಅವಳ ಮೇಜಿಗೆ ಬೇರೆಯವಳನ್ನು ನಿಲ್ಲಿಸಿದರು. ಹೆಂಡತಿ ಮನೆಯಲ್ಲಿದ್ದ ಬಟ್ಟೆಗೆಲ್ಲ ಇಸ್ತ್ರಿ ಹಾಕಿದಳು. ಹಾಕಿದ್ದಕ್ಕೇ ಮತ್ತೆ ಹಾಕಿದಳು. ಅವಳನ್ನು ಕಳಿಸಿದರೆ ತನ್ನ ಗತಿಯೇನು ಎಂದು ಮೇಸ್ತ್ರಿಯ ಚಿಂತೆ. ಅವಳ ಚಿಂತೆ ಬೇರೆಯೇ ಇತ್ತು.

"ನನ್ನ ಕಳಿಸಿದ್ರೆ ಅವಳ ಹತ್ರ ಯಾರು ಹೋಗ್ತಾರೆ ರೀ?" ಎಂದಳು ಒಂದು ಮಧ್ಯಾಹ್ನ. "ಆವತ್ತು ವ್ಯಾನಲ್ಲಿ ಹೋಗಿ ಬಂದಿದ್ದಷ್ಟೇ, ನಿಮಗೆ ಬಸ್ಸಿನ ದಾರೀನೂ ಗೊತ್ತಿಲ್ಲ."

ಆವತ್ತೇ ಸಂಜೆ ಮೇಸ್ತ್ರಿ ಸ್ಟೂಲ್ ಹತ್ತಿ ಸೂಟ್‌ಕೇಸ್ ಸರಿಸಿ ಆಸ್ಪತ್ರೆಯ ಲಕೋಟೆ ಇಳಿಸಿದ. ಇಬ್ಬರೂ ಸಹಾಯ ಕೇಂದ್ರಕ್ಕೆ ನಡೆದರು. ಫಾರಂ ಅಕ್ಕ ಬಾಗಿಲು ಹಾಕುವುದರಲ್ಲಿದ್ದಳು. ಮೇಸ್ತ್ರಿ ನಿಂತಲ್ಲೇ ಎಲ್ಲವನ್ನೂ ಹೇಳಿದ.

"ನೀವು ಹೇಳಿದ್ದೇ ಸರಿ ಅಕ್ಕಾ. ನಿಜವಾದ ಮದುವೆ, ನಮಗ್ಯಾಕೆ ಭಯ ಅಂದ್ಕೊಂಡೆ. ನಮ್ಮ ನಿಜಾನೇ ನಾವು ಒಬ್ಬರಿಗೊಬ್ಬರು ಹೇಳ್ಕೊಂಡಿರಲಿಲ್ಲ."

ಫಾರಂ ಅಕ್ಕ ಆಗಲೇ ಹೇಳಿದ್ದೆ ಎನ್ನಲಿಲ್ಲ. ಅವಳಿಗೂ ಕಣ್ಣು ತುಂಬಿತ್ತು. ಚೀಲ ಕೆಳಗಿಟ್ಟು ದೀಪ ಹಾಕಿ ಕೂತಳು.

"ಬರಿ. ಬಣ್ಣ ಹಚ್ಚಬೇಡ, ಕಾಲು ಹಿಡಿಯೋ ಮಾತೂ ಬೇಡ. ಯಾಕೆ ಇಲ್ಲ ಅಂತ ಬರೆದೆಯೋ ಅದನ್ನೇ ಬರಿ. ನಾಳೆ ಇಲ್ಲಿಗೆ ಬರೋ ವಕೀಲರಿಗೂ ತೋರಿಸೋಣ."

ಲಕೋಟೆಯಲ್ಲಿ ಜನನ ಪತ್ರವಿತ್ತು, ಮರಣ ಪತ್ರವಿತ್ತು. ಎರಡರಲ್ಲೂ ಒಂದೇ ತಾರೀಕು, ಎರಡರಲ್ಲೂ ಮೇಸ್ತ್ರಿಯ ಸಹಿ. ಅರ್ಜಿಯ ತಿದ್ದುಪಡಿ ಹಾಳೆಯಲ್ಲಿ ಮಕ್ಕಳ ಸಂಖ್ಯೆಯ ಜಾಗದಲ್ಲಿ ಅವನು 'ಒಂದು' ಎಂದು ಬರೆದ. ಅದರ ಪಕ್ಕದಲ್ಲೇ ಮಗುವಿನ ಹೆಸರು ಕೇಳಿದ್ದರು.

"ಗುಂಡಮ್ಮ ಅಂತ ಬರೀಲಾ ಅಕ್ಕಾ?"

ಎರಡು ವರ್ಷದ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದು ಕೇಳಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತಳು. ಅವನೂ ಅತ್ತ. ಇಷ್ಟು ದಿನ ಹೆದರಿದ್ದು ಇದಕ್ಕೇ ತಾನೇ?

"ಜನನ ಪತ್ರದಲ್ಲಿ ಹೆಸರಿಲ್ಲ ಕಣಪ್ಪ," ಎಂದಳು ಫಾರಂ ಅಕ್ಕ ಮೆಲ್ಲಗೆ. "ದಾಖಲೆಗೆ ಹೊಂದಬೇಕು. ಹೆಸರಿಟ್ಟಿರಲಿಲ್ಲ ಅಂತ ಬರಿ."

ಅವನು ಹಾಗೆಯೇ ಬರೆದ. ಹೆಂಡತಿ ಈ ಸಲ ಪ್ರತಿ ಪುಟವನ್ನೂ ಓದಿಸಿ ಕೇಳಿ ಸಹಿ ಹಾಕಿದಳು.

ವಿವರಣೆ ಕಳಿಸಿ ಎಂಟು ವಾರವಾಯಿತು. ಉತ್ತರ ಬಂದಿಲ್ಲ. ಫಾರಂ ಅಕ್ಕ ಭರವಸೆ ಕೊಟ್ಟಿಲ್ಲ. ಮೊದಲೇ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಈಗ ಸಿಕ್ಕಿಬಿದ್ದ ಮೇಲೆ ಹೇಳಿದಂತೆ ಕಾಣುತ್ತದೆ, ನಂಬುವುದು ಬಿಡುವುದು ಅವರ ಕೈಯಲ್ಲಿ ಎಂದಿದ್ದಾಳೆ. ಆ ಸೂಟ್‌ಕೇಸ್ ಈಗ ಬಾಗಿಲ ಬಳಿ ನಿಂತಿದೆ, ಹೆಂಡತಿಯ ಬಟ್ಟೆ ಅರ್ಧ ತುಂಬಿದೆ. ಮಂಗಳವಾರ ಮೇಸ್ತ್ರಿ ಅರ್ಧ ದಿನ ರಜೆ ಹಾಕಿ ಅವಳ ಜೊತೆ ಹೋಗುತ್ತಾನೆ. ಯಾವ ನಿಲ್ದಾಣದಲ್ಲಿ ಇಳಿಯಬೇಕು, ಗೇಟಿನಿಂದ ಎಷ್ಟನೇ ಸಾಲು ಎಂದು ಅವಳು ತೋರಿಸಿಕೊಡುತ್ತಾಳೆ. ತಾನು ಇಲ್ಲದಿದ್ದರೆ ಅವನು ಒಬ್ಬನೇ ಬರಬೇಕಲ್ಲ ಎಂದು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಗೂ ಅಂಥ ಕಾಗದ ಬರಬಹುದು. ಬಂದ ದಿನವೇ ಅರ್ಜಿಯ ನಕಲು ತೆಗೆದು ಇಬ್ಬರೂ ಕೂತು ಓದಿ. ಓದದೆ ಸಹಿ ಹಾಕಬೇಡಿ, ಹಾಕಿಸಬೇಡಿ. ತಪ್ಪು ಕಂಡರೆ ಅವರು ಕೇಳುವ ಮೊದಲೇ ನೀವು ತಿಳಿಸಿ. ಭಾಷೆ ಎಷ್ಟೇ ಬಂದರೂ ದುಭಾಷಿಯನ್ನು ಕೇಳಿ, ಎದೆಯೊಳಗಿನ ಮಾತು ಬೇರೆ ಭಾಷೆಯಲ್ಲಿ ಕೈಕೊಡುತ್ತದೆ. ನಿಯಮ ಒಂದೊಂದು ಕಡೆ ಒಂದೊಂದು ಥರ, ತಿಳಿದವರನ್ನು ವಿಚಾರಿಸಲು ನಾಚಿಕೆ ಬೇಡ. ಓದುತ್ತಾ ಹೋದಾಗ ಯಾವುದೋ ಒಂದು ಸಾಲಿನ ಹತ್ತಿರ ನಿಮ್ಮ ಪೆನ್ನು ನಿಲ್ಲುತ್ತದೆ. ಪುಟ ತಿರುಗಿಸಬೇಡಿ. ಪೆನ್ನು ಕೆಳಗಿಟ್ಟು, ಪಕ್ಕದಲ್ಲಿ ಕೂತವರ ಜೊತೆ ಅಲ್ಲಿಂದಲೇ ಮಾತು ಶುರು ಮಾಡಿ.