ನರಿಯಮ್ಮನ ಒಲೆ ತೆರಿಗೆ

ಒಲೆ ತೆರಿಗೆಯ ಅಧಿಕಾರಿ ಬರುವ ದಿನ ನಮ್ಮ ಮುರೆ ಊರಿನಲ್ಲಿ ಎಲ್ಲಿಲ್ಲದ ಒಗ್ಗಟ್ಟು. ಹೊಗೆ ಕಂಡ ಒಂದೊಂದು ಒಲೆಗೂ ಒಂದು ಮೂಟೆ ಅಕ್ಕಿ ಅರಮನೆಗೆ ಸಲ್ಲಬೇಕು. ಹಾಗಾಗಿ ಜಗಳವಾಡಿ ಬೇರೆ ಒಲೆ ಹೂಡಿದ ಸೊಸೆಯಂದಿರೂ ಅಂದು ಅತ್ತೆಯ ಪಾತ್ರೆಯಿಂದಲೇ ಉಣ್ಣುತ್ತಾರೆ. ನಾನೂ ಉಂಡವಳೇ. ನಮ್ಮತ್ತೆಯ ಮೂಲಂಗಿ ಸಾರು ವರ್ಷಕ್ಕೊಮ್ಮೆ ಸಾಕು.

ಹೊಳೆಯ ಕೆಳದಂಡೆಯ ನರಿಯವರಿಗೆ ಮಾತ್ರ ಈ ತಾಪತ್ರಯವಿಲ್ಲ. ಮನುಷ್ಯರೂಪದಲ್ಲಿ ಬಾಳಿದರೂ ಅವರ ಅಡುಗೆ ನರಿಬೆಂಕಿಯಲ್ಲಿ. ಆ ನೀಲಿ ಬೆಂಕಿಗೆ ಹೊಗೆಯಿಲ್ಲ. ಹೊಗೆಯಿಲ್ಲದ ಕಡೆ ತೆರಿಗೆಯಿಲ್ಲ. ನಾವು ಹೊಟ್ಟೆ ಉರಿದುಕೊಳ್ಳುತ್ತಿದ್ದೆವು.

ಆ ವರ್ಷ ನೆರೆ ತಡೆಯಲು ಹೊಳೆದಂಡೆಗೆ ಒಡ್ಡು ಕಟ್ಟಿಸಲು ಅರಮನೆ ಒಪ್ಪಿತು. ತೆರಿಗೆ ಕೊಡುವ ಕೊನೆಯ ಮನೆಯವರೆಗೆ ಒಡ್ಡು, ಅದರಾಚೆಯದು ಹೊಳೆಯ ಪಾಲು. ನರಿಕೇರಿಯ ತುದಿಮನೆ ಸೋಬುನ್‌ಳದು. ಹಿಂದಿನ ನೆರೆಯಲ್ಲಿ ಒಂದು ಕೂಸನ್ನು ಕಳೆದುಕೊಂಡವಳು ಅವಳು.

ಅಧಿಕಾರಿ ಬರುವ ದಿನ ಬೆಳಿಗ್ಗೆಯೇ ಅವಳು ನಮ್ಮ ಬಾಗಿಲಿಗೆ ಬಂದಳು.

“ಅಕ್ಕಾ, ಒಂದಿಷ್ಟು ಹಸಿ ಸೌದೆ ಕೊಡ್ತೀಯಾ?”

“ಹಸೀದಾ? ಬರೀ ಹೊಗೆ ಕಣೇ ಅದು!”

“ಅದೇ ಬೇಕು.”

“ಅಯ್ಯೋ ಹುಚ್ಚಿ! ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಾರೇನೇ?”

“ಉಳಿದ ಮಕ್ಕಳನ್ನ ಹೊಳೆಗೆ ಕೊಡೋಕಾಗಲ್ಲ ಅಕ್ಕಾ.”

ಕೊಟ್ಟೆ. ಆಮೇಲೆ ನೆನಪಾಯಿತು. ಬೇಟೆಯವರು ನರಿಗಳನ್ನು ಕೊಲ್ಲುವುದು ಬಿಲಕ್ಕೆ ಹೊಗೆ ಹಾಕಿ; ಅವಳ ತಾಯಿ ಸತ್ತದ್ದೂ ಹಾಗೆಯೇ. ಹೊಗೆ ಹತ್ತಿರ ಸುಳಿದರೆ ಸಾಕು, ಎದ್ದು ಓಡುವವಳು ಅವಳು. ಆದರೆ ಕಾನೂನಿನ ಪ್ರಕಾರ ಒಲೆ ಲೆಕ್ಕಕ್ಕೆ ಬರಬೇಕಾದರೆ ಅನ್ನ ಬೇಯುವವರೆಗೆ ಮನೆಯೊಡತಿ ಒಲೆಯ ಮುಂದಿನಿಂದ ಏಳುವಂತಿಲ್ಲ.

ತೆರಿಗೆ ಅಧಿಕಾರಿ ಮೆಂಗ್ ಒಡ್ಡಿನ ಅಳತೆಯ ಹಗ್ಗ ಹಿಡಿದ ಆಳುಗಳೊಡನೆ ಬಂದಾಗ ಸೋಬುನ್‌ಳ ಹುಲ್ಲುಮಾಡಿನಿಂದ ಕಪ್ಪು ಹೊಗೆ ಏಳುತ್ತಿತ್ತು. ಒಳಗೆ ಒಂದೇ ಸಮನೆ ಕೆಮ್ಮು.

“ಸತ್ತುಹೋಗ್ತೀಯಾ, ಹೊರಗೆ ಬಾರೇ!” ಎಂದು ಕೂಗಿಕೊಂಡೆ. ಒಳಗೆ ಕೆಮ್ಮೂ ನಿಂತುಹೋಯಿತು.

ಕೊನೆಗೆ ಕದ ತೆರೆಯಿತು. ಬಂದದ್ದು ಹೆಂಗಸಲ್ಲ, ನರಿ. ಭಯಕ್ಕೆ ಮನುಷ್ಯರೂಪ ಕಳಚಿಹೋಗಿತ್ತು. ಮೀಸೆ ಸುಟ್ಟಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅನ್ನದ ಪಾತ್ರೆಯ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತಂದು ಅಧಿಕಾರಿಯ ಮುಂದಿಟ್ಟಿತು. ಅಂಥ ಧೈರ್ಯವನ್ನು ನಾನು ಯಾವ ಸೇನಾಪತಿಯಲ್ಲೂ ಕಂಡಿಲ್ಲ.

ಒಬ್ಬ ಆಳು ಕಿಸಕ್ಕನೆ ನಕ್ಕ. “ಸ್ವಾಮಿ, ಇದು ನರಿ! ನರಿಗೆಂಥ ತೆರಿಗೆ?”

ಮೆಂಗ್ ನೆಲದ ಮೇಲೆ ಕುಳಿತು ಒಂದು ಅಗುಳು ಹಿಸುಕಿ ನೋಡಿದ. “ಬೆಂದಿದೆ. ಕಾನೂನಲ್ಲಿ ಒಲೆ ಅಂತಿದೆ ಕಣಯ್ಯಾ, ಒಲೆ ಮುಂದೆ ಕೂತವರಿಗೆ ಬಾಲ ಇರಬಾರದು ಅಂತ ಎಲ್ಲೂ ಇಲ್ಲ. ಹಗ್ಗ ಎಳಿ ಆಚೆಗೆ.”

ಹಗ್ಗ ಅವಳ ಮನೆ ದಾಟಿತು. ನರಿಕೇರಿಯೆಲ್ಲ ಒಡ್ಡಿನೊಳಗೆ ಬಂತು. ನನಗೆ ಅಳು ತಡೆಯಲಾಗಲಿಲ್ಲ.

ಅವರು ಹೊರಡುವ ಹೊತ್ತಿಗೆ ಸೋಬುನ್‌ಳಿಗೆ ಮನುಷ್ಯರೂಪ ಮರಳಿತ್ತು. ಮಕ್ಕಳನ್ನು ತಬ್ಬಿಕೊಂಡು ಕರ್ಕಶ ದನಿಯಲ್ಲಿ ಕೇಳಿದಳು: “ಮುಂದಿನ ವರ್ಷಾನೂ ತೆರಿಗೆಗೆ ಬರ್ತೀರಲ್ವಾ ಸ್ವಾಮಿ?”

“ಬರ್ತೀನಿ ತಾಯಿ,” ಎಂದ ಮೆಂಗ್. “ಆದ್ರೆ ಒಣಗಿದ ಸೌದೆ ಹಾಕು. ಒಂದೆಳೆ ಹೊಗೆ ಕಂಡ್ರೂ ನಾನು ಬರ್ಕೋತೀನಿ.”