ರಟ್ಟು ಕಿತ್ತ ಪುಸ್ತಕ

“ಏನೇ ಮುಂಡೆ, ಓದೋಕೆ ಬಂದಿದೀಯೋ, ಹರಿಯೋಕೆ ಬಂದಿದೀಯೋ? ನಿಮ್ಮಪ್ಪ ಏನು ಇಲ್ಲಿ ಶಾಲೆ ಕಟ್ಸಿದಾನಾ?”

ಹಿಂದಿನಿಂದ ಬಂದ ಮೇಸ್ತ್ರಿ ಅವಳ ತೊಡೆಯ ಮೇಲಿದ್ದ ಪುಸ್ತಕವನ್ನು ಕಾಲಿನಿಂದ ಒದ್ದ. ಅದು ಹಾರಿ ಕಾಗದದ ರಾಶಿಯ ಮೇಲೆ ಬಿತ್ತು. ಕಡ್ಡಿಯಮ್ಮ ತಲೆ ಎತ್ತಲಿಲ್ಲ. ಇನ್ನೊಂದನ್ನು ಎಳೆದುಕೊಂಡು, ಮಂಡಿಗೆ ಒತ್ತಿ, ಪರ್ರನೆ ರಟ್ಟು ಕಿತ್ತಳು.

ತಗಡಿನ ಸೂರಿನ ಆ ಗೋದಾಮಿನಲ್ಲಿ ಹನ್ನೊಂದು ಹೆಂಗಸರಿಗೆ ಇದೇ ಕೆಲಸ. ಯಾರಿಗೂ ಬೇಡವಾದ ಪುಸ್ತಕಗಳು ಲಾರಿಯಲ್ಲಿ ಬಂದು ಬೀಳುತ್ತವೆ. ಮೊದಲು ರಟ್ಟು, ಅದರ ಜೊತೆಗೇ ಮೊದಲ ನಾಲ್ಕು ಹಾಳೆ. ಅವು ದಪ್ಪ, ಬೇರೆ ರಾಶಿಗೆ ಹೋಗಬೇಕು. ಆಮೇಲೆ ಬೆನ್ನಿನ ಅಂಟನ್ನು ಕತ್ತಿಯಿಂದ ಸೀಳಿ ತೆಗೆಯಬೇಕು, ಇಲ್ಲದಿದ್ದರೆ ಹಳೆಯ ಕಾಗದವನ್ನು ನೀರಲ್ಲಿ ಅರೆದು ತಿರುಳು ಮಾಡುವ ತೊಟ್ಟಿಯಲ್ಲಿ ಗಂಟು ಕಟ್ಟುತ್ತದೆ. ಉಳಿದ ಹಾಳೆಗಳು ತೊಟ್ಟಿಗೆ. ಒಂಬತ್ತು ವರ್ಷ ಇದನ್ನೇ ಮಾಡಿ ಮಾಡಿ ಅವಳ ಕೈ ಎಷ್ಟು ಪಳಗಿತ್ತೆಂದರೆ, ಕಣ್ಣು ನೋಡುವ ಮೊದಲೇ ರಟ್ಟು ಕಿತ್ತು ಆಗಿರುತ್ತಿತ್ತು.

ಮೊದಲೆಲ್ಲ ಬರುತ್ತಿದ್ದದ್ದು ಹಳೆಯ ಪರೀಕ್ಷೆ ಪುಸ್ತಕ, ಕಚೇರಿಯ ಕಡತ. ಹೋದ ತಿಂಗಳು ಎಲ್ಲಿಯದೋ ಒಂದು ಗ್ರಂಥಾಲಯ ಮುಚ್ಚಿತು ನೋಡಿ, ಅಲ್ಲಿಂದ ಗೋದಾಮಿನ ಬಣ್ಣವೇ ಬದಲಾಯಿತು. ಕಥೆ, ಕಾದಂಬರಿ, ಜೈಲಿಗೆ ಹೋದವರ ನೆನಪು, ಗಣಿಯಲ್ಲಿ ಸತ್ತವರ ಲೆಕ್ಕ, ಜಗತ್ತಿನ ಕಷ್ಟವೆಲ್ಲ ಮೂಟೆ ಕಟ್ಟಿಕೊಂಡು ಬಂದು ಬಿತ್ತು. ಊಟದ ಹೊತ್ತಿಗೆ ಕಡ್ಡಿಯಮ್ಮ ಅಕ್ಷರಕ್ಕೆ ಬೆರಳಿಟ್ಟು ಓದುವುದು, ಉಳಿದ ಹತ್ತು ಜನ ತುತ್ತು ಕೈಯಲ್ಲೇ ಹಿಡಿದು ಕೇಳುವುದು. ರಟ್ಟು ಇಲ್ಲದ್ದರಿಂದ ಯಾವ ಪುಸ್ತಕದ ಹೆಸರೂ ಅವರಿಗೆ ಗೊತ್ತಿಲ್ಲ. ತಾವೇ ಇಟ್ಟುಕೊಂಡರು: ಬಾವಿ ತೋಡೋರ ಪುಸ್ತಕ, ಗಂಡನ್ನ ಬಿಟ್ಟೋಳ ಕಥೆ, ಮೂರು ಸಲ ಮನೆ ಕಳಕೊಂಡ ಮುದುಕನ ಕಥೆ.

“ಬರ್ದೋರು ಯಾರೋ ಪುಣ್ಯಾತ್ಮರು, ನಮ್ಮನೆ ಒಲೆ ಮುಂದೆ ಕೂತ್ಕೊಂಡು ಬರ್ದಂಗಿದೆ ಕಣೇ,” ಎಂದು ಪಕ್ಕದಲ್ಲಿ ಕೂರುವ ದೊಡ್ಡಕ್ಕ ಹೇಳುತ್ತಿದ್ದಳು. ಗೋದಾಮಿಗೆಲ್ಲ ಹಿರಿಯಳು ಅವಳೇ. “ನಮ್ಮ ಯಜಮಾನ್ರ ಗೊರಕೆ ಒಂದು ಬರೀಲಿಲ್ಲ, ಅದೂ ಬರ್ದಿದ್ರೆ ಪೂರ್ತಿ ಆಗೋದು!”

ಎಲ್ಲರೂ ನಗುತ್ತಿದ್ದರು. ಕಡ್ಡಿಯಮ್ಮ ನಕ್ಕು ಮಾತ್ರ ನಾಲ್ಕು ತಿಂಗಳಾಗಿತ್ತು. ಅವಳಿಗೆ ಓದು ಕಲಿಸಿದ ಮಗಳು, ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದ ಒಣಕಲು ಹುಡುಗಿ, ಇದೇ ತೊಟ್ಟಿಗೆ ಬಿದ್ದು ಸತ್ತಿದ್ದಳು. ಹದಿನಾಲ್ಕು ವರ್ಷ. ಅಷ್ಟು ಚಿಕ್ಕವಳನ್ನು ಕೆಲಸಕ್ಕಿಟ್ಟುಕೊಳ್ಳುವುದು ಕಾನೂನಿಗೆ ತಪ್ಪೆಂದು ಧಣಿ ಹಾಜರಿಯಲ್ಲಿ ಅವಳ ಹೆಸರೇ ಹಾಕಿರಲಿಲ್ಲ. ಸತ್ತ ಮೇಲೆ ತನಿಖೆಗೆ ಬಂದ ಸಾಹೇಬರಿಗೆ, “ಕಾಗದ ಕದಿಯೋಕೆ ಮೇಲೆ ಹತ್ತಿದ್ದಳು, ಜಾರಿದಳು” ಎಂದುಬಿಟ್ಟ. ಮೇಸ್ತ್ರಿ ಸಾಕ್ಷಿ ಹೇಳಿದ. ನಾಡಿದ್ದು ಸಾಹೇಬರು ಬಂದು ಕಡತ ಮುಚ್ಚುತ್ತಾರಂತೆ. ಮುಚ್ಚಿದರೆ ಮುಗಿಯಿತು, ಅವಳ ಮಗಳು ಸರ್ಕಾರದ ಪುಸ್ತಕದಲ್ಲಿ ಎಂದೆಂದಿಗೂ ಕಳ್ಳಿ.

ಮೇಸ್ತ್ರಿ ಆ ಕಡೆ ಹೋದ ಮೇಲೆ ಕಡ್ಡಿಯಮ್ಮ ಕೈಯಲ್ಲಿದ್ದ ಹೊಸ ಪುಸ್ತಕದೊಳಗೆ ಸುಮ್ಮನೆ ಕಣ್ಣಾಡಿಸಿದಳು. ತಗಡಿನ ಸೂರಿನ ಗೋದಾಮು ಎಂದಿತ್ತು. ಬಾಗಿಲಲ್ಲಿ ಎಡಗೈಯ ಎರಡು ಬೆರಳಿಲ್ಲದ ಮೇಸ್ತ್ರಿ ಎಂದಿತ್ತು. ಅವಳು ತಲೆ ಎತ್ತಿ ಮೇಸ್ತ್ರಿಯ ಎಡಗೈ ನೋಡಿದಳು. ಮೂರೇ ಬೆರಳು. ಹಾಳೆ ತಿರುಗಿಸಿದಳು.

“ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಾರೆ. ಹನ್ನೆರಡು ವರ್ಷ ಎಂದಳು. ತೊಟ್ಟಿಯ ಬಾಯಲ್ಲಿ ಸಿಕ್ಕಿಕೊಂಡ ಹಾಳೆಗಳನ್ನು ಕೋಲಿನಿಂದ ತಳ್ಳುವುದು ಅವಳ ಕೆಲಸ. ತಾಯಿಯನ್ನು ಕೇಳಿದಾಗ, ‘ನನ್ನ ಮಗಳು ಇಲ್ಲಿ ಕೆಲಸ ಮಾಡಲ್ಲ, ಊಟ ತಂದುಕೊಡೋಕೆ ಬರ್ತಾಳೆ’ ಎಂದರು. ತಾಯಿ ಅತ್ತ ಹೋದ ಮೇಲೆ ಹುಡುಗಿ ಬೊಬ್ಬೆ ಎದ್ದ ಅಂಗೈ ಬಿಚ್ಚಿ ತೋರಿಸಿದಳು. ‘ಮೇಲೆ ನಿಂತ್ರೆ ಕಾಲು ನಡುಗುತ್ತೆ. ಅಮ್ಮಂಗೆ ಹೇಳ್ಬೇಡಿ. ಭಯ ಇಲ್ಲ ಅಂತ ಹೇಳಿದೀನಿ’ ಎಂದಳು.”

ಅಯ್ಯೋ ದೇವರೇ! ಎರಡು ವರ್ಷದ ಹಿಂದೆ ಕನ್ನಡಕದ ಹೆಂಗಸೊಬ್ಬಳು ಬಂದು, ಗೇಟಿನಾಚೆಯ ಟೀ ಅಂಗಡಿಯ ಬೆಂಚಿನಲ್ಲಿ ಎಲ್ಲರನ್ನೂ ಮಾತಾಡಿಸುತ್ತ ಹತ್ತು ದಿನ ಕೂತಿದ್ದದ್ದು ನೆನಪಾಯಿತು. ಅವಳು ಬರೆದುಕೊಂಡದ್ದು ಪುಸ್ತಕವಾಯಿತೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಡ್ಡಿಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ನಡುಗುವ ಕಾಲಿನ ವಿಷಯ ಮಗಳು ಯಾರೋ ಬೀದಿಯವರಿಗೆ ಹೇಳಿದ್ದಳು, ಹೆತ್ತವಳಿಗೆ ಹೇಳಿರಲಿಲ್ಲ.

“ಏನಾಯ್ತೇ?” ದೊಡ್ಡಕ್ಕ ಬಗ್ಗಿದಳು.

ಕಡ್ಡಿಯಮ್ಮ ಪಿಸುಮಾತಿನಲ್ಲಿ ಓದಿ ಹೇಳಿದಳು.

“ಬಂತಲ್ಲೇ ಸಾಕ್ಷಿ! ಅಚ್ಚಾಗಿದೆ ಅಂದ್ರೆ ಆ ಬೇವಾರ್ಸಿ ನನ್ಮಗ ಧಣಿ ಏನು ಮಾಡ್ತಾನೆ? ಬರ್ದೋಳ ಹೆಸ್ರು ನೋಡು, ವಿಳಾಸ ಇರುತ್ತೆ!”

ಕಡ್ಡಿಯಮ್ಮ ಪುಸ್ತಕ ತಿರುಗಿಸಿದಳು. ರಟ್ಟಿಲ್ಲ. ಮೊದಲ ಹಾಳೆಗಳಿಲ್ಲ. ಅವಳೇ ಈಗಷ್ಟೇ ಕಿತ್ತೆಸೆದಿದ್ದಳು.

ಬಲಗಡೆ ಹನ್ನೊಂದು ಜನವೂ ಎಸೆಯುತ್ತಲೇ ಇದ್ದ ಎದೆಯುದ್ದ ರಟ್ಟಿನ ರಾಶಿ. ಅದರಲ್ಲಿ ಯಾವುದು? ಕೆಂಪೋ, ಹಸಿರೋ, ಚಿತ್ರವಿತ್ತೋ ಇಲ್ಲವೋ, ಅವಳು ನೋಡಿಯೇ ಇರಲಿಲ್ಲ. ಊಟ ಬಿಟ್ಟು ಹನ್ನೊಂದು ಜನವೂ ಹುಡುಕಿದರು. ಒಂದೊಂದೇ ರಟ್ಟು ತೆಗೆದು, ಹರಿದ ಅಂಚಿಗೆ ಅಂಚು ಕೂಡಿಸಿ ನೋಡಿದರು. ಎಲ್ಲ ಒಂದೇ ಅಳತೆಯವು. ಅರ್ಧ ರಾಶಿ ಮುಗಿಯುವಷ್ಟರಲ್ಲಿ ರಟ್ಟಿನ ಲಾರಿ ಬಂತು, ಮೇಸ್ತ್ರಿ ಬೈಯುತ್ತ ಎಲ್ಲವನ್ನೂ ಸಲಿಕೆಯಿಂದ ತುಂಬಿಸಿದ. ಲಾರಿ ಗೇಟು ದಾಟುವವರೆಗೂ ಕಡ್ಡಿಯಮ್ಮ ತನ್ನ ಎರಡು ಕೈಗಳನ್ನೇ ನೋಡುತ್ತ ನಿಂತಿದ್ದಳು. ಕತ್ತರಿಸಿ ಹಾಕಬೇಕೆನ್ನಿಸುವಷ್ಟು ಸಿಟ್ಟು ಬಂದಿತ್ತು ಅವುಗಳ ಮೇಲೆ.

“ಇದ್ದಷ್ಟನ್ನೇ ತೋರ್ಸು,” ಎಂದಳು ದೊಡ್ಡಕ್ಕ. ಆಮೇಲೆ ದನಿ ತಗ್ಗಿಸಿದಳು. “ಆದ್ರೆ ನೀನು ಅಂದಿದ್ದೂ ಅದ್ರಲ್ಲಿದೆಯಲ್ಲೇ. ಕೆಲ್ಸ ಮಾಡಲ್ಲ ಅಂತ.”

“ಗೊತ್ತು ಅಕ್ಕ.”

“ಆ ಹಾಳೆ ತೆಗ್ದುಬಿಡು.”

“ಅವಳ ಮಾತೂ ಅದೇ ಹಾಳೇಲಿದೆ.”

ಕಡ್ಡಿಯಮ್ಮ ಆ ಹಾಳೆಯ ಮೂಲೆ ಮಡಿಸಿ, ಪುಸ್ತಕವನ್ನು ಸೆರಗಿನೊಳಗೆ ಸೇರಿಸಿದಳು.

ಮೂರನೆಯ ದಿನ ಬೆಳಿಗ್ಗೆ ಧಣಿಯ ಕೋಣೆಗೆ ಕರೆ ಬಂತು. ಫ್ಯಾನಿನ ಕೆಳಗೆ ತನಿಖೆ ಸಾಹೇಬರು ಟೀ ಕುಡಿಯುತ್ತಿದ್ದರು, ಪಕ್ಕದಲ್ಲಿ ಧಣಿ. ಕಡ್ಡಿಯಮ್ಮನಿಗೆ ಕುರ್ಚಿ ಇರಲಿಲ್ಲ. ಅವಳು ಸೆರಗಿನೊಳಗಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

“ಏನಿದು?”

“ನನ್ನ ಮಗಳು ಇಲ್ಲಿ ಕೆಲಸಕ್ಕಿದ್ಲು ಅಂತ ಇದ್ರಲ್ಲಿದೆ ಸಾಹೇಬ್ರೆ. ಅವಳೇ ಹೇಳಿದಾಳೆ.”

ಸಾಹೇಬರು ಎರಡು ಬೆರಳಲ್ಲಿ ಎತ್ತಿ ನೋಡಿದರು. “ಯಾರು ಬರೆದದ್ದು? ಪುಸ್ತಕದ ಹೆಸರೇನು? ಎಲ್ಲಿ ಅಚ್ಚಾಗಿದೆ?”

“ಗೊತ್ತಿಲ್ಲ. ರಟ್ಟು ನಾನೇ ಕಿತ್ತುಬಿಟ್ಟೆ.”

ಧಣಿ ಹೊಟ್ಟೆ ಕುಲುಕಿಸಿ ನಕ್ಕ. “ನೋಡಿದ್ರಾ ಸಾರ್? ತಾನೇ ಕಿತ್ತಳಂತೆ!”

“ತಲೆ ಬುಡ ಇಲ್ಲದ ಪುಸ್ತಕ ತಂದು ಸಾಕ್ಷಿ ಅಂದ್ರೆ ಹೇಗಮ್ಮ? ಇದು ನಡೆಯಲ್ಲ.” ಸಾಹೇಬರು ಅದನ್ನು ಪಕ್ಕಕ್ಕೆ ಸರಿಸಿದರು.

ಧಣಿ ಕೈಗೆತ್ತಿಕೊಂಡ. ಅವಳು ಮಡಿಸಿಟ್ಟಿದ್ದ ಹಾಳೆಗೇ ತೆರೆದುಕೊಂಡಿತು. ಓದುತ್ತ ಓದುತ್ತ ಅವನ ಮುಖ ಬಿಗಿಯಿತು. ಆಮೇಲೆ ಹುಬ್ಬು ಮೇಲಕ್ಕೇರಿತು.

“ಸಾರ್, ಇಲ್ನೋಡಿ. ಕೆಲಸ ಮಾಡಲ್ಲ, ಊಟ ತರೋಕೆ ಬರ್ತಾಳೆ ಅಂತ ಹೆತ್ತತಾಯೇ ಹೇಳಿದಾಳೆ. ನಾನು ಹೇಳಿದ್ದೂ ಅದೇ ಅಲ್ವಾ?”

ಸಾಹೇಬರು ಕನ್ನಡಕ ಏರಿಸಿದರು. “ಏನಮ್ಮ, ಹೀಗೆ ಹೇಳಿದ್ದು ನಿಜಾನಾ?”

“ನಿಜ.”

ಈಗಷ್ಟೇ ನಡೆಯಲ್ಲ ಎಂದ ಪುಸ್ತಕದಿಂದ ಸಾಹೇಬರು ಆ ಒಂದು ಸಾಲನ್ನು ಗುಂಡು ಗುಂಡು ಅಕ್ಷರದಲ್ಲಿ ಕಡತಕ್ಕೆ ಇಳಿಸಿಕೊಂಡರು. ಕೆಳಗಿನ ಸಾಲುಗಳತ್ತ ಅವರ ಪೆನ್ನು ಹೋಗಲೇ ಇಲ್ಲ.

“ಕೆಳಗಿಂದೂ ಬರ್ಕೊಳಿ ಸಾಹೇಬ್ರೆ. ಅಂಗೈ ತೋರ್ಸಿದಾಳೆ. ಕಾಲು ನಡುಗುತ್ತೆ ಅಂದಿದಾಳೆ ನನ್ನ ಕೂಸು.”

“ಅದು ಹುಡುಗಿ ಮಾತು. ಕಥೆ ಕಟ್ಟಿರ್ತಾಳೆ.”

“ಕಥೆ ಕಟ್ಟಿದ್ದು ನಾನು!” ಕಡ್ಡಿಯಮ್ಮನ ದನಿ ಒಡೆಯಿತು. “ನಾನು ಸುಳ್ಳು ಹೇಳ್ದೆ. ನಿಮ್ಮ ಪಕ್ಕದಲ್ಲಿ ಕೂತಿದಾನಲ್ಲ, ಈ ಬೋಳಿಮಗ, ಇವನ ಭಯಕ್ಕೆ ಹೇಳ್ದೆ. ಹೌದು ಅಂದಿದ್ರೆ ಇಬ್ಬರನ್ನೂ ಗೇಟಿನಿಂದಾಚೆ ದಬ್ಬೋನು. ನನ್ನ ಸುಳ್ಳನ್ನ ಬರ್ಕೊಂಡ್ರಿ, ಅವಳ ನಿಜಾನೂ ಬರ್ಕೊಳಿ!”

“ಬಾಯಿ ಬಿಗಿಹಿಡಿ,” ಎಂದ ಧಣಿ. “ಹೆತ್ತ ಮಗಳನ್ನ ಹಿಡಿತದಲ್ಲಿಟ್ಟುಕೊಳ್ಳೋಕೆ ಯೋಗ್ಯತೆ ಇಲ್ಲ, ಈಗ ಅಳ್ತಾಳೆ.”

ಅವಳು ಅಳುತ್ತಿರಲಿಲ್ಲ.

ಸಾಹೇಬರು ಕಡತವನ್ನು ಅವಳ ಕಡೆ ತಿರುಗಿಸಿ, ಪೆನ್ನು ಮುಂದಿಟ್ಟರು. “ಇಲ್ಲಿ ಸಹಿ ಹಾಕಮ್ಮ. ನನಗೂ ಬೇರೆ ಕೆಲಸ ಇದೆ.”

ಅವಳು ಬಗ್ಗಿ ಓದಿದಳು. ಮೃತಳು ಇಲ್ಲಿ ಕೆಲಸಕ್ಕಿರಲಿಲ್ಲವೆಂದು ತಾಯಿ ಒಪ್ಪಿರುತ್ತಾರೆ. ಕಳ್ಳತನದ ಉದ್ದೇಶದಿಂದ ಮೇಲೆ ಹತ್ತಿ ಜಾರಿ ಬಿದ್ದಿರುತ್ತಾಳೆ. ಅದರ ಕೆಳಗೆ ನಾಲ್ಕು ಬೆರಳಷ್ಟು ಖಾಲಿ ಜಾಗ.

ಪೆನ್ನು ಎತ್ತಿಕೊಂಡಳು. ಓದಿದ್ದು ಎಷ್ಟೋ ಪುಸ್ತಕ, ಆದರೆ ಸಹಿ ಬಿಟ್ಟು ಒಂದು ಪದವನ್ನೂ ಅವಳು ಈವರೆಗೆ ಬರೆದವಳಲ್ಲ. ಅಕ್ಷರಗಳು ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಮೊದಲ ಅಕ್ಷರ ವಾರೆಯಾಯಿತು, ಎರಡನೆಯದು ಅದರ ಮೇಲೇ ಹತ್ತಿ ಕೂತಿತು. ಸಹಿ ಹಾಕೋಕೆ ಇಷ್ಟು ಹೊತ್ತಾ ಎಂದು ಧಣಿ ಬಗ್ಗಿ ನೋಡಿದ.

*ನನ ಮಗಳು ಕಳ್ಳಿ ಅಲ್ಲ. ಕೆಲ್ಸಕ್ಕೆ*

“ಏಯ್! ಏನು ಗೀಚ್ತಿದೀಯೇ? ಸಾರ್, ಕಿತ್ಕೊಳಿ ಅದನ್ನ! ಲೋ ಮೇಸ್ತ್ರಿ!”

ಸಾಹೇಬರು ಕಡತ ಎಳೆದರು. ಅವಳು ಎಡಗೈಯನ್ನು ಪೂರ್ತಿ ಅದರ ಮೇಲೆ ಹಾಸಿ ಎದೆ ಒತ್ತಿ ಹಿಡಿದಳು. ಮೇಸ್ತ್ರಿ ಓಡಿಬಂದು ಜಡೆಗೆ ಕೈ ಹಾಕಿ ಜಗ್ಗಿದ. ಕತ್ತು ಹಿಂದಕ್ಕೆ ಬಾಗಿತು, ಟೀ ಲೋಟ ಉರುಳಿತು. ಕಾಗದ ಕಾಣದಿದ್ದರೂ ಅವಳ ಬಲಗೈ ನಿಲ್ಲಲಿಲ್ಲ. ‘ಇದ್ಲು’ ಎಂಬ ಮುಂದಿನ ಪದದ ಅರ್ಧ ಕಡತದ ಮೇಲೆ, ಇನ್ನರ್ಧ ಮೇಜಿನ ಮರದ ಮೇಲೆ ಬಿತ್ತು.